ಕೋಟೆ ಹತ್ತಲಾಗದವರ ಬಸ್ಸು

ಬೆಳಗಿನ ಐದೂವರೆ. ಎಡಿನ್‌ಬರೋದ ಲೀತ್ ಬಂದರಿನ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟುತ್ತಿದೆ. ಬಸ್ಸುಗಳು ಸಾಲಾಗಿ ನಿಂತ ಅಂಗಳದಲ್ಲಿ ನೆಟಾ ಡ್ರೈಸ್‌ಡೇಲ್ ಪುಟ್ಟ ಏಣಿ ಹತ್ತಿ ಕಿಟಕಿಯ ಗಾಜು ಒರೆಸುತ್ತಿದ್ದಾರೆ. ಹದಿನಾಲ್ಕು ಕಿಟಕಿ, ಒಳಗೂ ಹೊರಗೂ. ತೊಳೆಯುವ ಕೆಲಸದವರು ಬೇರೆ ಇದ್ದಾರೆ, ಅವರು ತೊಳೆದೂ ಆಗಿದೆ. ಆದರೂ ನೆಟಾಗೆ ಸಮಾಧಾನವಿಲ್ಲ.

"ಬೇರೆ ಬಸ್ಸಿನೋರು ಇಳಿದು ನೋಡ್ತಾರೆ. ನನ್ನ ಜನ ಈ ಗಾಜಿಂದಾನೇ ನೋಡ್ಬೇಕು. ಗಾಜಿನ ಮೇಲೆ ಕಲೆ ಇದ್ರೆ ಅರಮನೆ ಮೇಲೂ ಕಲೆ."

ನೆಟಾಗೆ ಈಗ ಅರವತ್ತೊಂದು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನಿಟ್ಟುಕೊಂಡು ಊರೊಳಗಿನ ಬಸ್ಸಿನ ರಾತ್ರಿಪಾಳಿ ಮಾಡಲಾಗದೆ ಪ್ರವಾಸಿ ಬಸ್ಸಿನ ಚಾಲಕಿಯಾಗಿ ಬಂದವರು. ಇಪ್ಪತ್ತೆರಡು ವರ್ಷವಾಯಿತು. ಎಡಿನ್‌ಬರೋದಿಂದ ಹೊರಟು ಲಿನ್‌ಲಿತ್‌ಗೋ ಅರಮನೆ, ಡೂನ್ ಕೋಟೆ, ಕೊನೆಗೆ ಸ್ಟರ್ಲಿಂಗ್ ಕೋಟೆ. ದಿನಕ್ಕೆ ತೊಂಬತ್ತು ಮೈಲಿ. ಗೈಡು ಜನರನ್ನು ಕರೆದುಕೊಂಡು ಹೋದರೆ ಕಲ್ಲುಹಾಸಿನ ಏರು ಹತ್ತಲಾಗದ ನಾಲ್ಕೈದು ಮಂದಿ ಪ್ರತಿ ಸಲವೂ ಬಸ್ಸಿನಲ್ಲೇ ಉಳಿಯುತ್ತಿದ್ದರು. ನೆಟಾ ಅವರಿಗೆ ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟು ಮಳೆಯ ಮಾತಾಡುತ್ತ ಹೊತ್ತು ಕಳೆಯುತ್ತಿದ್ದರು.

ಐದು ವರ್ಷದ ಹಿಂದೆ, ಮೇ ತಿಂಗಳ ಒಂದು ಸಂಜೆ, ಸ್ಟರ್ಲಿಂಗ್ ಕೋಟೆಯ ಮುಂದೆ ಬಸ್ಸು ನಿಂತಿದ್ದಾಗ, ಆರ್‌ಬ್ರೋತ್‌ನಿಂದ ಬಂದಿದ್ದ ಎಂಬತ್ತಮೂರರ ಈನಾ ಪರ್ಡಿ ಹಿಂದಿನ ಸೀಟಿನಿಂದ ಹೇಳಿದರು: "ಬೆಳಿಗ್ಗೆಯಿಂದ ಮೂರು ಅರಮನೆ ನೋಡ್ದೆ ಕಣಮ್ಮ. ಮೂರೂ ಒಂದೇ ಥರ. ಮುಂದೆ ನಿಂತಿರೋ ಬಸ್ಸಿನ ಹಿಂಭಾಗ."

ನೆಟಾ ನಕ್ಕರು. ಆದರೆ ಮಾತು ನಾಟಿತ್ತು. ಬಸ್ಸು ಚಾಲೂ ಮಾಡಿ ಗುಡ್ಡ ಇಳಿಸಿದರು. ಹಿಂದೆ ರಾಜರ ತೋಟವಿದ್ದ ಹುಲ್ಲುಬಯಲಿನ ಪಕ್ಕ ನಿಲ್ಲಿಸಿದರು. ಕಡಿದಾದ ಬಂಡೆಯ ನೆತ್ತಿಯಲ್ಲಿ ಇಡೀ ಕೋಟೆ ಎದ್ದು ನಿಂತಿತ್ತು. ಈನಾ ಕಿಟಕಿಯ ಹತ್ತಿರಕ್ಕೆ ಸರಿದು ಕೂತರು.

ವಾಪಸು ಬರುವಾಗ ಹನ್ನೊಂದು ನಿಮಿಷ ತಡ. ಕೋಟೆ ನೋಡಿ ಬಂದು ಕಾಯುತ್ತಿದ್ದ ಮೂವತ್ತೆಂಟು ಜನ ಮಳೆಯಲ್ಲಿ ನೆಂದಿದ್ದರು. ದೂರು ಹೋಯಿತು, ಎಚ್ಚರಿಕೆ ಪತ್ರ ಬಂತು. ತಿಂಗಳೊಳಗೆ ನೆಟಾ ಮತ್ತೆ ಅದನ್ನೇ ಮಾಡಿದರು, ಇನ್ನೊಂದು ಪತ್ರ. ಮೂರನೆಯ ಸಲವಾದರೆ ಕೀಲಿಕೈ ಒಪ್ಪಿಸಿ ಹೋಗಬೇಕೆಂದು ಮ್ಯಾನೇಜರ್ ರೋರಿ ಪೀಬಲ್ಸ್ ಖಡಾಖಂಡಿತವಾಗಿ ಹೇಳಿದರು.

"ಎರಡು ವಾರ ಬಾಯಿ ಮುಚ್ಕೊಂಡು ಕೂತೆ," ಎನ್ನುತ್ತಾರೆ ನೆಟಾ. "ತಲೆ ಮೇಲಿನ ಕನ್ನಡಿ ನೋಡೋಕೇ ಆಗ್ತಿರ್ಲಿಲ್ಲ. ಬಸ್ಸಲ್ಲೇ ಉಳಿದೋರೆಲ್ಲ ಅದ್ರಲ್ಲೇ ಕಾಣೋದು."

ಸುದ್ದಿ ಈನಾ ಕಿವಿಗೆ ಬಿತ್ತು. ಊರುಗೋಲಿನ ಇಬ್ಬರು ಗೆಳತಿಯರೊಂದಿಗೆ ರೈಲು ಹತ್ತಿ ಬಂದು ಕಚೇರಿಯಲ್ಲಿ ಕೂತರು.

"ಏನಾಗ್ಬೇಕಿತ್ತು, ಅಮ್ಮಾ?" ಎಂದರು ರೋರಿ.

"ಏನಿಲ್ಲಪ್ಪ. ನಮ್ಮನ್ನ ಕೂರಿಸಿ ಹೋಗೋದು ನಿಮಗೆ ರೂಢಿ ಅಲ್ವಾ, ಇವತ್ತು ಇಲ್ಲಿ ಕೂತ್ಕೋತೀವಿ."

ರೋರಿ ಈಗ ಅದನ್ನು ತಾವೇ ನಗುತ್ತ ಹೇಳುತ್ತಾರೆ. "ಮೂರು ಗಂಟೆ ಕೂತಿದ್ರು. ಚಹಾ ಕೊಟ್ರೆ ಎದ್ದು ಹೋಗ್ತಾರೆ ಅಂದ್ಕೊಂಡೆ. ಕುಡಿದು, ಇನ್ನೊಂದು ಲೋಟ ಕೇಳಿದ್ರು."

ಕೊನೆಗೆ ವಾರಕ್ಕೊಂದು ದಿನ, ಗುರುವಾರ, ಹತ್ತಲಾಗದವರಿಗೇ ಒಂದು ಬಸ್ಸು ಬಿಟ್ಟು ನೋಡೋಣವೆಂದು ಒಪ್ಪಿದರು. ನೆಟಾ ಎರಡು ತಿಂಗಳು ತಮ್ಮ ರಜೆಯ ದಿನಗಳಲ್ಲಿ ಸ್ವಂತ ಕಾರಿನಲ್ಲಿ ಸುತ್ತಿದರು. ಕೆರೆಯಾಚೆಯ ಯಾವ ತಿರುವಿನಲ್ಲಿ ಲಿನ್‌ಲಿತ್‌ಗೋ ಅರಮನೆ ಇಡಿಯಾಗಿ ಕಾಣುತ್ತದೆ, ಎಲ್ಲಿ ದೊಡ್ಡ ಬಸ್ಸು ತಿರುಗುತ್ತದೆ ಎಂದು ಗುರುತು ಹಾಕಿಕೊಂಡರು. ಡೂನ್ ಹತ್ತಿರ ಬೇಲಿಗಿಡ ಅಡ್ಡ ಬರುತ್ತಿತ್ತು. ಹೊಲದ ಯಜಮಾನನ ಮನೆಗೆ ಹೋಗಿ ಎರಡಡಿ ತಗ್ಗಿಸಿಕೊಡಿ ಎಂದು ಕೇಳಿದರು. ಆತ ತಲೆ ಕೆರೆದುಕೊಂಡ. ಮರುವಾರ ಹೋದಾಗ ಬೇಲಿ ತಗ್ಗಿತ್ತು.

ಈಗ ಅಕ್ಟೋಬರ್‌ವರೆಗೆ ಗುರುವಾರದ ಬಸ್ಸು ಭರ್ತಿ. ಎರಡು ಗಾಲಿಕುರ್ಚಿಗೆ ಜಾಗವಿದೆ. ನಾಲ್ಕಾಗಬೇಕೆಂದು ನೆಟಾ ರೋರಿಯ ಬೆನ್ನು ಬಿದ್ದಿದ್ದಾರೆ.

ಹೋದ ತಿಂಗಳು ವಾಲ್ಟರ್ ಇಮ್ರಿ ಎಂಬ ಹಳೆಯ ಕಲ್ಲುಕುಟಿಗ ಮಗಳ ಜೊತೆ ಬಂದಿದ್ದರು. ಸ್ಟರ್ಲಿಂಗ್ ಕೋಟೆಯ ದೊಡ್ಡ ಸಭಾಂಗಣವನ್ನು ಸರಿಪಡಿಸಿದವರಲ್ಲಿ ಒಬ್ಬರು. ಕಾಲು ಬಿದ್ದುಹೋಗಿ ಹದಿನಾಲ್ಕು ವರ್ಷ ಅತ್ತ ಸುಳಿದಿರಲಿಲ್ಲ. ಕೋಟೆಯ ಪೂರ್ವದ ಬಯಲಲ್ಲಿ ಬಸ್ಸು ನಿಂತಾಗ ಸಭಾಂಗಣದ ಹೊಂಬಣ್ಣದ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಮುದುಕ ಗಾಜಿಗೆ ಬೆರಳಿಟ್ಟು, "ಎಡಗಡೆಯಿಂದ ಎರಡನೇ ಹೊಗೆಗೂಡು. ಅದು ನಂದು," ಎಂದರು. ಯಾವುದೆಂದು ಮಗಳಿಗೂ ಅದುವರೆಗೆ ಗೊತ್ತಿರಲಿಲ್ಲ.

ಒರೆಸುವ ಬಟ್ಟೆ ಹಿಂಡಿ ಏಣಿಗೆ ಹರವುತ್ತ ನೆಟಾ ಹೇಳುತ್ತಾರೆ: "ರಾಜ ರಾಣಿಯರ ಹೆಸರು ಎಲ್ಲಾ ಗೈಡುಗಳೂ ಹೇಳ್ತಾರೆ. ನನ್ನ ಬಸ್ಸಲ್ಲಿ ಅಲ್ಲಿಗೆ ಬಂದಾಗ ಇಮ್ರಿ ಹೆಸರೂ ಹೇಳ್ತೀನಿ. ಪ್ರತಿ ಗುರುವಾರ, ಆ ಹೊಗೆಗೂಡು ತೋರಿಸಿ."