ರುಕ್ಮವ್ವನ ಕೈಗೆ ತಾಗದ ಬಿಸಿ

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ರೊಟ್ಟಿ ರುಕ್ಮವ್ವನ ಮನೆ ಯಾವುದೆಂದು ಕೇಳಿದರೆ ಹಾಲು ಕುಡಿಯುವ ಕೂಸೂ ಬೆರಳು ಮಾಡಿ ತೋರಿಸುತ್ತದೆ. ಘೋಣಸಗಿಯಲ್ಲಿ ಹುಟ್ಟಿದ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಲಿಲ್ಲ. ಆದರೆ ಅಣ್ಣನ ಮೊಪೆಡ್ಡು ಹತ್ತಿದವಳು ಮತ್ತೆ ಇಳಿಯಲಿಲ್ಲ. ಜೋಳದ ಚೀಲ ಹೇರಿಕೊಂಡು ಗಿರಣಿಗೆ ಹೊರಟರೆ ಕಟ್ಟೆಯ ಮೇಲಿನ ಮುದುಕರು ಮೂಗು ಮುರಿಯುತ್ತಿದ್ದರು.

"ಹೆಣ್ಣ ಹುಡುಗಿ ಗಾಡಿ ಹೊಡೀತೈತಿ. ಕಾಲ ಕೆಟ್ಟೈತಿ!"

"ಹೌದ್ರಿ ಮುತ್ಯಾ, ನಿಮ್ಮ ಕಾಲ ಕೆಟ್ಟಾವ, ಅದಕ್ಕ ಕಟ್ಟಿ ಬಿಟ್ಟ ಏಳವಲ್ರಿ. ಬರ್ರಿ, ಗಿರಣಿ ಮಟ ಕುಂಡ್ರಿಸಿಕೊಂಡ ಹೋಗ್ತೇನಿ."

ಇಂಥ ಬಾಯಿಯವಳಿಗೆ ಸಿಕ್ಕ ಗಂಡ ಪರಸಪ್ಪ ಮಾತ್ರ ಬಲು ಸಮಾಧಾನಿ. ಬಸ್ಸಿನ ಕಂಡಕ್ಟರ. ವಿಜಯಪುರದಿಂದ ಸಾರವಾಡದ ಮೇಲೆ ಬಬಲೇಶ್ವರ, ಅಲ್ಲಿಂದ ಮತ್ತೆ ವಿಜಯಪುರ. ಸೀಟಿ ಊದುತ್ತ, ಕಂಬಿ ಹಿಡಿದು ನಿಂತೇ ನೌಕರಿ ಮುಗಿಸಿದ. ಒಂದು ಗಾಡಿಯನ್ನೂ ತಾನು ಓಡಿಸಿದವನಲ್ಲ. ನಿವೃತ್ತನಾದ ದಿನವೇ ಖಾಕಿ ಕಳಚಿ ಧೋತರ ಉಟ್ಟ. "ಇನ್ನ ಸಾಯೂತನಕ ಇದ" ಎಂದ. ಅವನು ಬಿಟ್ಟ ದಪ್ಪ ಖಾಕಿ ಪ್ಯಾಂಟುಗಳನ್ನು ರುಕ್ಮವ್ವ ಸೀರೆಯ ಒಳಗೆ ತೊಟ್ಟು, ಮೋಟರ್‌ಸೈಕಲ್ಲಿನ ಮೇಲೆ ಖಾನಾವಳಿಗಳಿಗೆ ತಾನೇ ಬಡಿದ ರೊಟ್ಟಿ ಮುಟ್ಟಿಸುತ್ತಿದ್ದಳು. ಅವಳು ಕಿಕ್ ಹೊಡೆದರೆ ಹಿಂದೆ ಕೂತ ಪರಸಪ್ಪ "ರೈಟ್, ಹೋಗ್ಲಿ" ಎನ್ನುವನು. ಅದು ಆ ಗಂಡಹೆಂಡಿರ ಸರಸ.

ವರ್ಷಕ್ಕೊಮ್ಮೆ ನಾಗಪುರದ ದೀಕ್ಷಾಭೂಮಿಗೆ ಹೋಗಿ ಬರುವುದು ಅವರ ಮನೆತನದ ವಾಡಿಕೆ. ರೈಲಿನಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಕೂಡಲು ಜಾಗ ಸಿಕ್ಕರೂ ಪರಸಪ್ಪ ಯಾರಾದರೂ ಬಸುರಿಗೋ ಮುದುಕಿಗೋ ಬಿಟ್ಟುಕೊಟ್ಟು ನಿಲ್ಲುವನು. ಈ ಬೇಸಿಗೆಯಲ್ಲಿ ರುಕ್ಮವ್ವ ಒಂದು ಹಟ ಹಿಡಿದಳು.

"ಜೀವಮಾನ ಎಲ್ಲಾ ನಿಂತ ಹೋಗೀರಿ. ಈ ಸಲ ನಾಗಪುರಕ್ಕ ಕುಂತ ಹೋಗೂಣು. ದೂರದ ಹಾದಿಗೆ ಅಂತನ ದೊಡ್ಡ ಗಾಡಿ ಬಂದಾವ. ಒಂದ ತಗೋತೇನಿ."

ಮಗ ಪ್ರತಾಪ ಹೌಹಾರಿದ. "ಯವ್ವಾ, ಅವುಗಳ ಇಂಜಿನ್ ಕುದೀತಾವಬೇ! ಟ್ರಾಫಿಕ್ಕಿನ್ಯಾಗ ನಿಂತ್ರ ತೊಡಿ ಸುಡತಾವಂತ. ತಗೊಂಡವರೆಲ್ಲಾ ಮೊಬೈಲಿನ್ಯಾಗ ಅಳಾಕತ್ತಾರ."

"ಅಳಾವರು ಎಂದಾರ ಒಲಿ ಮುಂದ ಕುಂತಾರೇನೋ?" ಎಂದಳು ತಾಯಿ.

ಷೋರೂಮಿಗೆ ಬೇಕೆಂದೇ ಉರಿಬಿಸಿಲಿನ ಮಧ್ಯಾಹ್ನ ಹೋದಳು. ಗಾಡಿ ತೋರಿಸುವ ಹುಡುಗ ಸಂಗನಬಸವ ಅವಳನ್ನೂ ಧೋತರದ ಪರಸಪ್ಪನನ್ನೂ ನೋಡಿ, "ಗಾಡಿ ಮಗನಿಗೇನ್ರಿ ಅಕ್ಕಾರ?" ಎಂದ.

"ಮಗನ ಕಾಲ ನೆಲಕ್ಕ ಮುಟ್ಟೂದಿಲ್ಲೋ ಯಪ್ಪಾ. ನನಗ."

"ಹಂಗಾರ ಸಂಜೀಕ ಬರ್ರಿ, ತಂಪಿನ್ಯಾಗ ಒಂದ ಸುತ್ತ ಹೊಡೀರಿ."

"ತಂಪಿನ್ಯಾಗ ಎಮ್ಮೀನೂ ಓಡತೈತಿ. ಈಗ ಕೊಡು."

ಲೈಸೆನ್ಸು ತೋರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟು ಬಿಗಿದು, ಪರಸಪ್ಪನನ್ನು ಹಿಂದೆ ಕೂಡಿಸಿಕೊಂಡು ಹೊರಟಳು. ಅಂಗಡಿಯಲ್ಲಿದ್ದುದರಲ್ಲೇ ದೊಡ್ಡ ಗಾಡಿ ಅದು. ಕಪ್ಪು ಹೋರಿಯಂತೆ ಮಿರಿಮಿರಿ ಮಿಂಚುತ್ತಿತ್ತು. ಊರು ದಾಟಿದ ಮೇಲೆ ತುಂಬಿದ ಕಾಲುವೆಯ ನೀರಿನಂತೆ ಹರಿಯಿತು. ಟಿಕೋಟಾ ಮುಟ್ಟಿದರೆ ಸಂತೆಯ ದಿನ: ಮುಂದೆ ಟ್ರ್ಯಾಕ್ಟರು, ಹಿಂದೆ ಟಂಟಂ ಆಟೋ, ನಡುವೆ ಕುರಿಹಿಂಡು. ಗಾಡಿ ನಿಂತಲ್ಲೇ ನಿಂತು ಬುಸುಗುಟ್ಟತೊಡಗಿತು. ರುಕ್ಮವ್ವ ಕೈ ಇಳಿಬಿಟ್ಟು ಇಂಜಿನ್ನಿನ ಪಕ್ಕದ ಕವಚದ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು, ಅಷ್ಟೇ.

"ಸುಡತೈತೇನ್ರೀ?"

"ಏನಿಲ್ಲ. ರೈಟ್, ಹೋಗ್ಲಿ."

ಷೋರೂಮಿಗೆ ಮರಳಿ, "ಇದ ಗಾಡಿ. ಬರಕೋ" ಎಂದು ಎದೆ ಸೆಟೆಸಿ ನಿಂತಳು. ತಿರುಗಿ ನೋಡಿದರೆ ಗಂಡನಿಲ್ಲ. ಬಾಗಿಲ ಹೊರಗೆ ನೀರಿನ ಕೊಡದ ಪಕ್ಕ ಕುಕ್ಕರಿಸಿ, ಧೋತರ ಮೇಲೆತ್ತಿ, ಮೀನಖಂಡದ ಮೇಲೆ ನೀರು ಸುರಿದುಕೊಳ್ಳುತ್ತಿದ್ದ. ಕಾಲು ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗಿತ್ತು.

"ಅಯ್ಯ ನನ ಶಿವನ! ಕೇಳಿದ್ನೆಲ್ರೀ, ಯಾಕ ಹೇಳಲಿಲ್ಲ?"

"ಗಾಡಿ ಹೊಡಿಯೂ ಮುಂದ ನಿನ್ನ ಖುಷಿ ನೋಡಾಕತ್ತಿದ್ನಿ. ನಟ್ಟನಡುವ ಸೀಟಿ ಊದೂದು ಹ್ಯಾಂಗ ಹೇಳು?"

ರುಕ್ಮವ್ವ ತನ್ನ ಅಂಗೈ ನೋಡಿಕೊಂಡಳು. ಉರಿಯುವ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ತಿರುವಿ ಜಡ್ಡುಗಟ್ಟಿದ ಕೈ. ಅದರ ಮೇಲೆ ಕೆಂಡ ಇಟ್ಟರೂ ಒಂದು ಗಳಿಗೆ ತಡೆದೇ ಗೊತ್ತಾಗುತ್ತಿತ್ತು. ಕಾಲಿಗೆ ದಪ್ಪ ಖಾಕಿ ಬೇರೆ. ಬಿಸಿ ಎಷ್ಟೆಂದು ಹಂಚನ್ನೇ ಕೇಳಿದಂತಾಯಿತಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

ಸಂಗನಬಸವ ಸಮಾಧಾನ ಹೇಳಿದ. "ದೊಡ್ಡ ಇಂಜಿನ್ ಅಂದಮ್ಯಾಲೆ ಇದ್ದದ್ದರಿ. ಕಾಕಾರಿಗೆ ಒಂದ ದಪ್ಪ ಪ್ಯಾಂಟ್ ಹಾಕಸ್ರಿ, ಮುಗೀತು."

ಪರಸಪ್ಪ ತಲೆ ತಗ್ಗಿಸಿ, "ಹಾಕ್ಕೊಂಡರಾತ ಬಿಡು" ಎಂದ. ಆ ಮಾತು ಅವಳಿಗೆ ಅವನ ಕಾಲಿನ ಉರಿಗಿಂತ ಹೆಚ್ಚು ಚುರುಕು ಮುಟ್ಟಿಸಿತು.

"ನೌಕರಿ ಇರೂತನಕ ಮಂದಿ ಹಾಕಂದ ಅರಿವಿ ಹಾಕ್ಯಾರ. ಇನ್ನ ನನ್ನ ಗಾಡಿ ಸಲುವಾಗಿ ಧೋತರ ಬಿಡಬೇಕೇನು? ಧೋತರ ಉಟ್ಟ ಮನಶಾ ಕುಂದ್ರೂವಂಥ ಗಾಡಿ ಇದ್ರ ತೋರಸು. ಇಲ್ಲಂದ್ರ ಬ್ಯಾರೆ ಅಂಗಡಿ ಅದಾವು."

ಹುಡುಗ ತಲೆ ಕೆರೆದುಕೊಂಡು ಮೂಲೆಯಲ್ಲಿದ್ದ ಇನ್ನೊಂದನ್ನು ಹೊರಗೆಳೆದ. ಎತ್ತರದ ಗಾಡಿ, ದೂರದ ಹಾದಿಯದೇ. ಇಂಜಿನ್ ಕೊಂಚ ಸಣ್ಣದು. ಹೊಗೆಕೊಳವೆ ಹಿಂದೆ ಕೂತವರ ಕಾಲಿನಿಂದ ದೂರವಿತ್ತು. ಮಿಂಚು ಕಡಿಮೆ. ಕಪ್ಪು ಹೋರಿಯ ಮೇಲೆ ಮನಸಾದವಳಿಗೆ ಇದು ಬಡಕಲು ಒಂಟೆಯಂತೆ ಕಂಡಿತು. ಆದರೂ ಒಳಗೆ ಹೋಗಿ ಖಾಕಿ ಕಳಚಿಟ್ಟು, ಸೀರೆಯನ್ನು ಕಚ್ಚೆ ಹಾಕಿ ಬಂದಳು. ಈ ಸಲ ಓಡಿಸಲು ಸಂಗನಬಸವನನ್ನು ಕೂಡಿಸಿ ತಾನು ಹಿಂದೆ ಕೂತಳು.

"ಹೈವೇಕ್ಕ ಬ್ಯಾಡ. ಮಾರ್ಕೆಟ್ಟಿನ್ಯಾಗ ಒಯ್ಯಿ. ಟಾಂಗಾ ಹಿಂದ ನಿಲ್ಲಸು. ಬಂದ್ ಮಾಡಬ್ಯಾಡ."

"ಅಕ್ಕಾರ, ಜನ ನೋಡಾಕತ್ತಾರ್ರಿ."

"ನೋಡ್ಲಿ, ಕಣ್ಣ ಕೊಟ್ಟಿದ್ದ ಅದಕ್ಕ."

ಬಿಸಿಲು ಬೆನ್ನು ಬಡಿಯಿತು. ಹುಡುಗನ ಅಂಗಿ ಬೆವರಿಗೆ ಅಂಟಿತು. ರುಕ್ಮವ್ವ ಬರಿಗಾಲಿಗೆ ಕಿವಿ ಕೊಟ್ಟವಳಂತೆ ಕಣ್ಣು ಮುಚ್ಚಿ ಕೂತಳು. ಇಂಜಿನ್ನಿನ ಕಾವು ಬಂತು. ಆದರೆ ಅದು ಬುಟ್ಟಿಗೆ ಹಾಕಿ ಹೊತ್ತಾದ ರೊಟ್ಟಿಯ ಕಾವು, ಮುಟ್ಟಿ ಉಣ್ಣಬಹುದಾದದ್ದು. ಟಾಂಗಾ ದಾರಿ ಬಿಟ್ಟು ಎಷ್ಟೋ ಹೊತ್ತಾದ ಮೇಲೆ, "ನಡಿ, ಇದನ್ನ ತಗೋತೇನಿ" ಎಂದಳು.

ನಾಗಪುರಕ್ಕೆ ಹೊರಡುವ ಮುಂಜಾನೆ ಪರಸಪ್ಪನದೂ ಒಂದು ಹಟ: ಮೊದಲು ಬಬಲೇಶ್ವರದ ಬಸ್ ನಿಲ್ದಾಣ. ದಾರಿ ಉಲ್ಟಾ ಆದರೂ ರುಕ್ಮವ್ವ ಹೂಂ ಎಂದಳು. ಇಸ್ತ್ರಿ ಮಾಡಿದ ಬಿಳಿ ಧೋತರದಲ್ಲಿ ಗಂಡ ಇಳಿದದ್ದೇ ತಡ, ಅವನ ಸಂಗಡ ದುಡಿದ ಡ್ರೈವರ ಮಾಳು ಚಹದಂಗಡಿಯಿಂದಲೇ ಕೂಗಿದ.

"ಏ ಪರಸ್ಯಾ, ಹೇಣ್ತಿ ಹಿಂದ ಕುಂತ ಬಂದೀಯಲ್ಲೋ, ಮೀಸಿ ಮನ್ಯಾಗ ಇಟ್ಟ ಬಂದಿಯೇನು?"

ಜನ ನಕ್ಕರು. ಪರಸಪ್ಪ ಮೀಸೆಯನ್ನು ಎರಡೂ ಕಡೆ ತೀಡಿದ.

"ಇಲ್ಲೇ ಐತಿ ನೋಡೋ ಮಾಳು. ನೀ ಇಷ್ಟ ವರ್ಷ ಬಸ್ ಹೊಡದಿ, ನಾ ನಿನ್ನ ಹಿಂದ ನಿಂತ್ನಿ. ನನ್ನ ಕಾಲ ಹ್ಯಾಂಗ ಅದಾವಂತ ಒಂದ ದಿನ ಕೇಳೀಯೇನು? ಈಕಿ ನನ್ನ ಕಾಲಿನ ಸಲುವಾಗಿ ತನ್ನ ಮನಸಿಗೆ ಬಂದ ಗಾಡೀನ ಬಿಟ್ಟಾಳ. ಇಂಥಾ ಡ್ರೈವರ ನಿಮ್ಮ ಡಿಪೋದಾಗ ಒಬ್ಬ ಇದ್ರ ತೋರಸು!"

ರುಕ್ಮವ್ವ ಹೆಲ್ಮೆಟ್ಟಿನ ಗಾಜು ಕೆಳಗಿಳಿಸಿ ಇಂಜಿನ್ ಚಾಲೂ ಮಾಡಿದಳು.

"ಹತ್ತ್ರಿ ಲಗೂನ. ನಾಗಪುರ ದೂರ ಐತಿ."