ನಾನು ಅಳಿಸಿದ ಸಾಲು

ಮೊನ್ನೆ ಕಪಾಟು ಖಾಲಿ ಮಾಡುವಾಗ ಮಗ್ಗದ ಹಳೆಯ ಕಂಟ್ರೋಲ್ ಕಾರ್ಡ್ ಸಿಕ್ಕಿತು. ಬೆಸುಗೆಯ ರಾಳದ ವಾಸನೆ ಇನ್ನೂ ಹೋಗಿರಲಿಲ್ಲ. ಚಿಪ್‌ನ ಕಾಲುಗಳ ನಡುವೆ ನೂಲಿನ ಧೂಳು... ಕಾಕಾ ನೆನಪಾದರು. ಹಿಂದೆಯೇ ಸಿಟ್ಟೂ ಬಂತು.

ಕಾಕಾ ನೆರೆಯವರು. ನಮ್ಮ ಎರಡು ಮನೆಗೆ ಗೋಡೆ ಒಂದೇ. ರಬಕವಿಯಲ್ಲಿ ವರ್ಷಗಟ್ಟಲೆ ನೇಯ್ದು, ಆಮೇಲೆ ತಾವೇ ಓದಿಕೊಂಡು ಪವರ್‌ಲೂಮ್ ಕಾರ್ಡಿಗೆ ಪ್ರೋಗ್ರಾಮ್ ಬರೆಯಲು ಕಲಿತಿದ್ದರು. ಅವರು ಕೆಲಸ ಮಾಡುತ್ತಿದ್ದ ಮಗ್ಗದ ವರ್ಕ್‌ಶಾಪಿನಲ್ಲೇ ನಾನು ಇಂಜಿನಿಯರ್. ಹೊಕ್ಕಿನ ಎಳೆ ಎಣಿಸಿ, ಸೆರಗು ಎಲ್ಲಿ ಶುರುವಾಗಬೇಕೆಂದು ಹೇಳುವ ಸಿ ಭಾಷೆಯ ಪ್ರೋಗ್ರಾಮ್ ಅವರದು. ಅದನ್ನು ಚಿಪ್‌ನ ಭಾಷೆಗೆ ತಿರುಗಿಸುವುದು ಕಂಪೈಲರ್. ಪ್ರೋಗ್ರಾಮಿನ ನಡುವೆ ಚಿಪ್‌ಗೆ ನೇರವಾಗಿ ಆಜ್ಞೆ ಕೊಡುವ ಅಸೆಂಬ್ಲಿಯ ನಾಲ್ಕು ಸಾಲು ಇದ್ದವು. ಆ ಸಾಲುಗಳು ಚಿಪ್‌ನೊಳಗೆ ಅಂಕಿ ಇಡುವ ಯಾವ ಗೂಡುಗಳನ್ನು, ಅಂದರೆ ರಿಜಿಸ್ಟರುಗಳನ್ನು, ಕೆಡಿಸುತ್ತವೆ ಎಂಬ ಒಂದು ಸಾಲಿನ ಪಟ್ಟಿಯೂ ಕೊನೆಗಿತ್ತು.

"ಇದ್ಯಾಕ ಬೇಕ್ರಿ ಕಾಕಾ?" ಎಂದು ಕೇಳಿದ್ದೆ.

"ಮಗ್ಗ ಬಿಟ್ಟು ಏಳೂವಾಗ ಕೈ ಹಚ್ಚಿದ ಎಳಿಗೆ ಚಿಂದಿ ಕಟ್ಟಿ ಹೋಗ್ತೇವಲ್ಲವಾ, ಮುಂದಿನಾಂವಗ ಗೊತ್ತಾಗ್ಲಿ ಅಂತ. ಇಲ್ಲಿ ಕಂಪೈಲರ್ ಮುಂದಿನಾಂವ. ಹೇಳಲಿಲ್ಲಂದ್ರ ಅದಕ್ಕ ಹೆಂಗ ತಿಳೀಬೇಕು?"

ನನಗೋ ಡಿಗ್ರಿಯ ಸೊಕ್ಕು. ಪ್ರೋಗ್ರಾಮ್ ಚೊಕ್ಕ ಮಾಡುವ ನೆಪದಲ್ಲಿ ಆ ಪಟ್ಟಿ ಅಳಿಸಿದೆ, ಯಾರಿಗೂ ಹೇಳಲಿಲ್ಲ. ಆಗ ಎಲ್ಲ ಸರಿಯಾಗಿಯೇ ಓಡಿತು. ವಾರದ ಮೇಲೆ, ವೇಗ ಸಾಲದೆಂದು ಕಂಪೈಲರ್‌ನ ಆಪ್ಟಿಮೈಸೇಶನ್ ಹಾಕಿದೆವು. ಮೆಮೊರಿಯಲ್ಲಿರುತ್ತಿದ್ದ ಎಣಿಕೆಯನ್ನು ಅದು ಒಂದು ರಿಜಿಸ್ಟರಿನಲ್ಲೇ ಇಟ್ಟುಕೊಂಡಿತು. ಅಸೆಂಬ್ಲಿ ಬಳಸುತ್ತಿದ್ದುದೂ ಅದನ್ನೇ; ಹಾಗೆಂದು ಕಂಪೈಲರ್‌ಗೆ ಹೇಳುವ ಪಟ್ಟಿಯೇ ಇರಲಿಲ್ಲವಲ್ಲ. ಎಣಿಕೆ ಕೆಟ್ಟು, ಸೀರೆಯ ಒಡಲ ನಡುವೆಯೇ ಸೆರಗು ಶುರುವಾಯಿತು.

ಮಾಲೀಕ ಆ ಸೀರೆಯನ್ನು ಎಲ್ಲರೆದುರು ಕಾಕಾನ ಮೇಜಿನ ಮೇಲೆ ಒಗೆದ. "ಸಾಲಿ ಕಲೀಲಾರದವ್ರ ಕೈಯಾಗ ಕೊಟ್ರ ಹಿಂಗ ಆಗೂದು" ಎಂದ.

ಕಾಕಾ ಪರದೆಯ ಮೇಲಿನ ಸಾಲುಗಳನ್ನು ನೋಡಿದರು, ಆಮೇಲೆ ನನ್ನನ್ನು. ಅವರಿಗೆ ತಿಳಿದಿತ್ತು. ನನ್ನ ಹೆಸರು ಹೇಳಲಿಲ್ಲ... ಮರುದಿನದಿಂದ ಕೆಲಸಕ್ಕೆ ಬರಲೂ ಇಲ್ಲ.

ನಾನು ಸದ್ದಿಲ್ಲದೆ ಪಟ್ಟಿಯನ್ನು ಮತ್ತೆ ಬರೆದೆ. ಮಗ್ಗ ಸರಿಹೋಯಿತು. ಮಾಲೀಕ ನನಗೆ ಭೇಷ್ ಎಂದ. ಬೆಂಕಿ ಬೀಳಲಿ ಆ ಭೇಷ್‌ಗೆ. ಓದಿದವಳು ತಪ್ಪು ಮಾಡಲಾರಳಂತೆ, ಯಾವ ಊರಿನ ನ್ಯಾಯ ಇದು? ಯಾರು ಕೈ ಹಚ್ಚಿದರೆಂದು ಒಂದು ಮಾತು ಕೇಳಲಿಲ್ಲ ಆತ. ನಾನೂ ಬಾಯಲ್ಲಿ ಕಡುಬು ಇಟ್ಟುಕೊಂಡವಳಂತೆ ನಿಂತಿದ್ದೆ. ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನದೇ ಹೆಚ್ಚು.

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಇಂದಿಗೂ ವರ್ಕ್‌ಶಾಪಿನಲ್ಲಿ ಅವರನ್ನು ಸೀರೆ ಕೆಡಿಸಿದವರೆಂದೇ ನೆನೆಯುತ್ತಾರೆ. ನಿನ್ನೆ ಆ ಕಾರ್ಡನ್ನು ಕಾಕಾನ ಹೆಂಡತಿ ಕಾಕಿಯ ಕೈಗಿಟ್ಟು, ಕೆಡಿಸಿದ್ದು ನಾನು ಎಂದೆ.

ಕಾಕಿ ಅದನ್ನು ಸೆರಗಿನಿಂದ ಒರೆಸಿದರು. "ಗೊತ್ತೈತೆವಾ. ನೀನ ಬಂದು ಹೇಳ್ತಿ ಅಂತ ಸಾಯೂತನಕಾ ಬಾಗಲಾ ನೋಡ್ತಿದ್ರು."