ಬರಿಗಾಲಲ್ಲಿ ಕಂಡ ರೋಮು

ಹೊಸ್ತಿಲು ಕಂಡೊಡನೆ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ. ಇದನ್ನು ನನಗೆ ಯಾರೂ ಕಲಿಸಿದ ನೆನಪಿಲ್ಲ, ನಿಮಗೂ ಯಾರೂ ಕಲಿಸಿರಲಾರರು. ಹಿರೇಕೆರೂರಿನ ನಮ್ಮ ಮನೆಯ ಕಟ್ಟೆಯ ಕೆಳಗೆ ಬಿದ್ದಿರುವ ಚಪ್ಪಲಿಗಳನ್ನು ನೋಡಿಯೇ ಒಳಗೆ ಯಾರಿದ್ದಾರೆಂದು ಅವ್ವ ಹೇಳಿಬಿಡುತ್ತಿದ್ದಳು. ನೀಟಾಗಿ ಜೋಡಿಸಿದ್ದರೆ ಬೀಗರು, ಒಂದು ಇಲ್ಲಿ ಒಂದು ಅಲ್ಲಿ ಬಿದ್ದಿದ್ದರೆ ಅಪ್ಪ. ಊರು ಬಿಟ್ಟು ಎಷ್ಟು ದೂರ ಹೋದರೂ ಕಾಲಿನ ಈ ಚಾಳಿ ಬಿಡುವುದಿಲ್ಲ. ಎಷ್ಟು ದೂರ ಎಂದು ಕೇಳಿದರೆ, ನಾನು ಕಂಡಂತೆ ಇಟಲಿಯ ರೋಮಿನವರೆಗೆ.

ನಗಬೇಡಿ. ಎರಡನೆಯ ಮಹಾಯುದ್ಧದ ಕೊನೆಕೊನೆಗೆ ಫೌಜಿನ ಲಾರಿ ಓಡಿಸುತ್ತ ಆ ಮಹಾನಗರವನ್ನು ಕಂಡವನು ನಾನು. ನನ್ನ ಜೊತೆಗಾರ ಹಾನಗಲ್ಲಿನ ಫಕ್ಕೀರಪ್ಪ. ಅವನಿಗೆ ಊರಿಗೆ ಹೋಗಲು ರಜೆ ಮಂಜೂರಾಗಿತ್ತು. ಅವನು ಹಡಗು ಹತ್ತಿದ ಮೇಲೆ ಹುಟ್ಟಿದ ಮಗಳು ಆಗಲೇ ಓಡಾಡುತ್ತಿದ್ದಳಂತೆ. ಅವಳ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಹೊರಡುವ ಮುನ್ನ ರೋಮು ನೋಡಿ ಬನ್ನಿರೆಂದು ನಮ್ಮಿಬ್ಬರಿಗೂ ಒಂದು ದಿನದ ಬಿಡುವು ಸಿಕ್ಕಿತು. ಸುಬೇದಾರರು ಮಾತ್ರ ಬೆರಳೆತ್ತಿ ಎಚ್ಚರಿಸಿದ್ದರು: ಸರಕಾರ ಕೊಟ್ಟ ಸಾಮಾನಿನಲ್ಲಿ ಏನು ಕಳೆದರೂ ವಿಚಾರಣೆ, ವಿಚಾರಣೆ ನಡೆದರೆ ರಜೆ ರದ್ದು.

ಜಗತ್ತೆಲ್ಲ ಹೊಗಳುವ ಆ ಪುರಾತನ ವೈಭವವನ್ನು ನಾನು ಬಾಯಿ ತೆರೆದು ನೋಡುತ್ತಿದ್ದರೆ, ಫಕ್ಕೀರಪ್ಪ ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವನಂತೆ ಎಲ್ಲದಕ್ಕೂ ಕೊಂಕು ತೆಗೆಯುತ್ತ ನಡೆದ.

"ಮುರುಕ ಗ್ವಾಡಿ ನೋಡಾಕ ಸಮುದ್ರ ದಾಟಿ ಬರಬೇಕಿತ್ತೇನಲೇ? ನಮ್ಮ ಹಾನಗಲ್ಲಿನ ಕ್ವಾಟಿ ಏನ್ ಕಮ್ಮಿ ಮುರದೈತಿ?"

ಅವನ ಬಾಯಿ ಮುಚ್ಚಿಸಿದ್ದು ಊರ ನಡುವಿನ ಒಂದು ಹಳೆಯ ದೇಗುಲ. ಮುಂದೆ ಆನೆಗಾತ್ರದ ಕಂಬಗಳ ಸಾಲು, ಹಿಂದೆ ಬೆಟ್ಟ ಬೋರಲು ಹಾಕಿದಂಥ ಗುಮ್ಮಟ. ಯಾವುದೋ ಕಾಲದಲ್ಲಿ ಅನೇಕ ದೇವತೆಗಳ ಗುಡಿಯಾಗಿದ್ದದ್ದು ಈಗ ಕ್ರೈಸ್ತರ ಇಗರ್ಜಿಯಾಗಿತ್ತು. ದೇವರು ಯಾರಾದರೇನು, ಹೊಸ್ತಿಲು ಹೊಸ್ತಿಲೇ ಅಲ್ಲವೆ? ನಾವಿಬ್ಬರೂ ಕಂಬದ ಬುಡದಲ್ಲಿ ಕುಳಿತು ಬೂಟು ಬಿಚ್ಚಿ, ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದೆವು. ಉಳಿದ ಸೈನಿಕರೆಲ್ಲ ಬೂಟುಗಾಲಲ್ಲೇ ಟಕಟಕ ನಡೆದಾಡುತ್ತಿದ್ದುದು ಕಂಡರೂ ನಮಗೆ ಅನುಮಾನ ಬರಲಿಲ್ಲ. ಪಾಪ, ಹೇಳಿಕೊಡುವವರು ಇರಲಿಕ್ಕಿಲ್ಲ ಎಂದುಕೊಂಡೆವು.

ಒಳಗಿನ ತಂಪುಗಲ್ಲು ಅಂಗಾಲಿಗೆ ತಾಗಿತು ನೋಡಿ, ಆಗ ರೋಮು ನನ್ನದಾಯಿತು. ತಲೆಯೆತ್ತಿದರೆ ಗುಮ್ಮಟದ ನೆತ್ತಿಯಲ್ಲಿ ದುಂಡನೆಯ ಕಿಂಡಿ, ಅದರಿಂದ ಇಳಿದ ಬಿಸಿಲು ಗೋಡೆಯ ಮೇಲೆ ನಿಂತಿತ್ತು. ಫಕ್ಕೀರಪ್ಪ ಬಹಳ ಹೊತ್ತು ಕತ್ತು ಎತ್ತಿಕೊಂಡೇ ನಿಂತ. ಅವನ ಊರಿನ ತಾರಕೇಶ್ವರನ ಗುಡಿಯ ಛತ್ತಿನಲ್ಲೂ ಬೃಹತ್ತಾದ ಕಲ್ಲುತಾವರೆ ಹೀಗೆಯೇ ತಲೆಯ ಮೇಲೆ ಅರಳಿದೆ.

"ಚಲೋ ಕಟ್ಯಾರ. ಆದ್ರ ನಡುವ ಬಿಟ್ಟಬಿಟ್ಟಾರಲೋ! ಕಲ್ಲು ಸಾಲಲಿಲ್ಲೇನ?" ಎಂದ. ಅವನ ಕಣ್ಣುಗಳು ಮಾತ್ರ ತುಂಬಿದ್ದವು.

ಹೊರಗೆ ಬಂದರೆ ಅವನ ಬೂಟು ಇರಲಿಲ್ಲ. ಸವೆದು ಬಾಯಿಬಿಟ್ಟ ನನ್ನವು ಇಟ್ಟಲ್ಲೇ ಇದ್ದವು. ಕಳ್ಳನಿಗೂ ಅವು ಬೇಡವಾಗಿದ್ದುದನ್ನು ಕಂಡು ನನಗೆ ಒಳಗೊಳಗೇ ಅವಮಾನವಾಯಿತು. ಗುಡಿಯಲ್ಲಿ ಕಾಲ್ಮರಿ ಕಳೆದರೆ ಪೀಡೆ ಕಳೆಯಿತೆಂದು ನಮ್ಮ ಕಡೆ ಸಮಾಧಾನಪಟ್ಟುಕೊಳ್ಳುತ್ತಾರಲ್ಲ, ಅದನ್ನೇ ನಾನು ಹೇಳಹೋದೆ.

"ಪೀಡಾ ಹೋತಂತ ತಿಳಕೋ, ಬಿಡೋ."

"ಪೀಡಾ ಅಲ್ಲೋ, ನನ್ನ ರಜಾ ಹೋತು! ಮಗಳ ಮಾರಿ ನೋಡೂದು ಹೋತು!" ಎಂದವನೇ ಅಲ್ಲೇ ಕುಸಿದ. ಮಿಲಿಟರಿ ಪೊಲೀಸರಿಗೆ ಹೇಳುವಂತಿಲ್ಲ, ಹೇಳಿದರೆ ವರದಿ, ಆಮೇಲೆ ಅದೇ ವಿಚಾರಣೆ. ನನ್ನ ಬೂಟು ಕೊಡೋಣವೆಂದರೆ ಮೊರದಂಥ ಅವನ ಪಾದಕ್ಕೆ ಅದು ಹೆಬ್ಬೆರಳಿಗೂ ಸಾಲದು. "ದೇವರ ಬಾಗಲದಾಗ ಕಳದೈತಿ, ದೇವರ ಬಾಗಲದಾಗ ಸಿಗಬೇಕು. ನಾ ಏಳಾಂಗಿಲ್ಲ," ಎಂದು ಹಟ ಹಿಡಿದು ಕುಳಿತ.

ಕಂಬದ ಬಳಿ ಹೂ ಮಾರುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದು ಏನೋ ಕೇಳಿದಳು. ಫಕ್ಕೀರಪ್ಪ ಬರಿಗಾಲು ಮುಂದೆ ಚಾಚಿ ತೋರಿಸಿದ. ಆಮೇಲೆ ಎರಡೂ ತೋಳು ಮಡಿಚಿ ಕೂಸು ತೂಗಿದ, ಕೈಯನ್ನು ಮೊಣಕಾಲಿನಷ್ಟು ಎತ್ತರಕ್ಕೆ ಹಿಡಿದು ಇಷ್ಟಾಗಿದ್ದಾಳೆಂದ, ಅಲ್ಲಿಗೆ ಅವನ ಅಳುವಿನ ಕಟ್ಟೆ ಒಡೆಯಿತು. ಮುದುಕಿಗೆ ಎಲ್ಲ ತಿಳಿಯಿತು. ಸೆರಗಿಲ್ಲದ ಸೊಂಟಕ್ಕೆ ಕೈಯಿಟ್ಟು, ಎದುರಿನ ಓಣಿಗೆ ಮುಖ ಮಾಡಿ ಆಕೆ ಬಯ್ಯತೊಡಗಿದಳು ನೋಡಿ, ಅಬ್ಬಾ! ಭಾಷೆ ಪರಕೀಯ, ಧಾಟಿ ಮಾತ್ರ ಅಪ್ಪಟ ಹಿರೇಕೆರೂರು ಸಂತೆಯದು. ನಿಮ್ಮ ವಂಶ ನಿರ್ವಂಶವಾಗಲಿ ಎಂಬುದನ್ನು ನಾನು ಶಬ್ದ ತಿಳಿಯದೆಯೂ ಗುರುತು ಹಿಡಿದೆ. ಕಿಟಕಿಗಳು ತೆರೆದುಕೊಂಡವು, ಹೆಂಗಸರು ದನಿಗೂಡಿಸಿದರು.

ಕೊನೆಗೆ ಓಣಿಯೊಳಗಿಂದ ಒಬ್ಬ ಬಡಕಲು ಮನುಷ್ಯ ತಲೆ ತಗ್ಗಿಸಿ ಬಂದ. ಎದೆಗವಚಿಕೊಂಡ ಕೈಯಲ್ಲಿ ಬೂಟು. ಕಾಲಿಗೆ ಬರೀ ಚಿಂದಿಯ ಸುತ್ತು. ನಾನು ತೋಳೇರಿಸಿ ಮುಂದಾಗಿದ್ದವನು ಆ ಕಾಲು ನೋಡಿ ಹಿಂದೆ ಸರಿದೆ. ಯುದ್ಧ ಅವರ ಊರನ್ನು ಹಾಗೆ ಮಾಡಿತ್ತು.

ಫಕ್ಕೀರಪ್ಪ ಬೂಟು ಕಾಲಿಗೇರಿಸಿದ, ಲಾಡಿ ಬಿಗಿದ, ನೆಲಕ್ಕೆ ಎರಡು ಸಲ ಬಡಿದು ನೋಡಿದ. ಬದುಕಿದೆಯಾ ಬಡಜೀವವೇ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಅದೇ ಕಂಬದ ಬುಡದಲ್ಲಿ ಕುಳಿತು ಲಾಡಿ ಬಿಚ್ಚತೊಡಗಿದ.

"ಏ, ಹುಚ್ಚ ಹಿಡದೈತೇನಲೇ ನಿನಗ?"

"ಇಷ್ಟ ಉಪಕಾರ ಮಾಡ್ಯಾನ ದೇವರು, ಕೈ ಮುಗೀದ ಹೋಗಲೇನು? ಬೂಟಗಾಲಾಗ ಹೋಗಲೇನು?"

ಬಿಚ್ಚಿದ ಬೂಟನ್ನು ಅವನು ಒಪ್ಪಿಸಿದ್ದು ನನಗಲ್ಲ, ಮುದುಕಿಗೂ ಅಲ್ಲ, ಆ ಕದ್ದವನ ಕೈಗೇ! ಜೊತೆಗೆ ತನ್ನ ಚೀಲದ ಬಿಸ್ಕೀಟನ್ನೆಲ್ಲ ಸುರಿದ. "ಯಣ್ಣಾ, ಒಂದೀಟ ನೋಡ್ಕೊಂಡಿರಪಾ," ಎಂದು ಅಚ್ಚ ಹಾನಗಲ್ಲು ಕನ್ನಡದಲ್ಲಿ ಹೇಳಿ ಇನ್ನೂ ಬರಿಗಾಲಲ್ಲಿದ್ದ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದ. ಗುಮ್ಮಟದ ಕೆಳಗೆ ಅವನು ನೆಮ್ಮದಿಯಾಗಿ ಅಡ್ಡಬಿದ್ದ. ನನ್ನ ಜೀವವೆಲ್ಲ ಬಾಗಿಲಲ್ಲಿತ್ತು.

ಹೊರಗೆ ಬಂದೆವು. ಬಿಸ್ಕೀಟು ಹಾಗೆಯೇ ಆ ಬಡಕಲು ಮನುಷ್ಯನ ಮಡಿಲಲ್ಲಿದ್ದವು. ಅವನು ನೆಲದಲ್ಲಿ ಕುಳಿತು ಅಂಗಿಯ ತೋಳಿನಿಂದ ಬೂಟನ್ನು ತಿಕ್ಕಿ ತಿಕ್ಕಿ ಫಳಫಳ ಹೊಳೆಸಿ, ಫಕ್ಕೀರಪ್ಪ ಬಂದೊಡನೆ ಕಾಲಿಡಲು ಸಲೀಸಾಗುವಂತೆ ಲಾಡಿ ಸಡಿಲಿಸಿ, ನಮ್ಮತ್ತ ತಿರುಗಿಸಿಟ್ಟಿದ್ದ. ಫಕ್ಕೀರಪ್ಪ ಅವನನ್ನು ಬಾಚಿ ತಬ್ಬಿಕೊಂಡ. ಓಣಿಯ ಕಿಟಕಿಗಳೆಲ್ಲ ಚಪ್ಪಾಳೆ ತಟ್ಟಿದವು, ಮುದುಕಿ ನಮ್ಮಿಬ್ಬರ ಟೊಪ್ಪಿಗೆಗೂ ಹೂ ಸಿಕ್ಕಿಸಿದಳು. ರೋಮನ್ನು ಗೆದ್ದವರು ಎಷ್ಟೋ ಜನ ಇದ್ದಾರಂತೆ. ಅವರಲ್ಲಿ ತಾನೂ ಒಬ್ಬನೆಂಬಂತೆ, ಕಲ್ಲುಬೀದಿ ಗುಡುಗುಡಿಸುವ ಹಾಗೆ ಹೆಜ್ಜೆ ಹಾಕುತ್ತ ನಮ್ಮ ಫಕ್ಕೀರಪ್ಪ ಕೂಗಿದ:

"ನಡಿಯಲೇ, ನನ್ನ ಮಗಳು ಕಾಯಾಕತ್ತಾಳ!"